ನಿಂತುಹೋದ ಸೂಪರ್ ಕಪ್

ಬನಿಯಾಸ್, ಅಬುಧಾಬಿ
6 ಅಕ್ಟೋಬರ್ 2024

ಮಗ ಶಾನವಾಝ್‌ಗೆ,

ಅಸ್ಸಲಾಮು ಅಲೈಕುಂ. ನಾವು ಕ್ಷೇಮ ಎಂದು ಶುರು ಮಾಡುವುದು ಕಾಗದದ ಪದ್ಧತಿ. ಈ ಸಲ ಹಾಗೆ ಬರೆಯಲು ಕೈ ಬರುವುದಿಲ್ಲ. ನಿನ್ನ ಉಮ್ಮ ಕ್ಷೇಮವಾಗಿಲ್ಲ.

ಮನೆಯಲ್ಲಿ ಬ್ಯಾರಿ ಮಾತಾಡುವ ನಾವು ಕಾಗದ ಬರೆಯಬೇಕಾದರೆ ಶಾಲೆಯ ಕನ್ನಡಕ್ಕೇ ಬರಬೇಕು. ಬರೆದು ಎಷ್ಟೋ ವರ್ಷವಾಯಿತು, ಅಕ್ಷರ ಅಂಕುಡೊಂಕಾದರೆ ಸುಧಾರಿಸಿಕೋ. ಬೇರೆ ದಾರಿ ಇಲ್ಲ. ನಿನ್ನ ಫೋನ್ ಸತ್ತಿದೆ. ಈ ದೇಶದಲ್ಲಿ ವೀಸಾ ಮುಗಿದರೆ ಐಡಿ ಮುಗಿಯುತ್ತದೆ, ಐಡಿ ಮುಗಿದರೆ ಸಿಮ್ ಸಾಯುತ್ತದೆ. ಅರ್ಧ ಆಯುಷ್ಯ ಇಲ್ಲಿ ಸ್ಟೋರ್ ಕೀಪರ್ ಆಗಿ ಕೂತವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತರಕಾರಿ ಪಿಕಪ್ಪಿನ ರಶೀದ ದುಬೈಗೆ ಹೋದಾಗ ನಿನ್ನನ್ನು ನೋಡುತ್ತಾನಂತೆ. "ಕಾಗದ ಕೊಡಿ ಉಮ್ಮರಾಕ, ಮುಟ್ಟಿಸ್ತೇನೆ. ಎಲ್ಲಿದ್ದಾನೆ ಅಂತ ಮಾತ್ರ ಕೇಳ್ಬೇಡಿ, ಅವನಿಗೆ ಮಾತು ಕೊಟ್ಟಾಗಿದೆ" ಎಂದ. ಕೇಳಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಆಗಸ್ಟಿನಲ್ಲಿ ರಶೀದನ ಫೋನಿನಿಂದ ನೀನು ಉಮ್ಮನಿಗೆ ಹೇಳಿದ್ದು ನೆನಪಿದೆಯಾ? "ನಮ್ಮ ಟೀಮು ಲೀಗ್ ಗೆದ್ದಿದೆ ಉಮ್ಮ. ಡಿಸೆಂಬರಲ್ಲಿ ಸೂಪರ್ ಕಪ್ ಆಡ್ತೇನೆ. ಬಾಪ ಆಡಿದ್ರಲ್ಲ, ಅದೇ ಕಪ್." ಸ್ಪೀಕರ್ ಹಾಕಿತ್ತು. ನಾನು ಪಕ್ಕದಲ್ಲೇ ಕೂತು ಉಗುರು ಕತ್ತರಿಸುತ್ತಿದ್ದೆ.

ಮೋನು, ಆ ಕಪ್ ಈಗ ಇಲ್ಲ. ಏಳೂ ಎಮಿರೇಟಿನ ಭಾರತೀಯರ ಫುಟ್‌ಬಾಲ್ ಟೀಮುಗಳಿಗೆ ಚಳಿಗಾಲವಿಡೀ ಒಂದು ಲೀಗ್ ನಡೆಯುತ್ತಿತ್ತು. ಅದರ ಜೊತೆಗೇ, ಒಮ್ಮೆ ಸೋತರೆ ಮನೆಗೆ ಹೋಗುವ ಇನ್ನೊಂದು ಕಪ್. ಲೀಗ್ ಗೆದ್ದವರಿಗೂ ಕಪ್ ಗೆದ್ದವರಿಗೂ ಕೊನೆಗೆ ಒಂದೇ ಒಂದು ಮ್ಯಾಚ್, ಅದಕ್ಕೆ ಸೂಪರ್ ಕಪ್ ಎಂದು ಹೆಸರು. 2002ರಲ್ಲಿ ನಾನು ಗೋಲಿಯಾಗಿ ನಿಂತ ಮ್ಯಾಚೇ ಅದರ ಕೊನೆಯ ಮ್ಯಾಚು. ಮರುವರ್ಷ ನಡೆಸುವವರು ಒಬ್ಬೊಬ್ಬರೇ ಊರಿಗೆ ಹೋದರು, ನಾವು ಆಡಿದ ಮರಳಲ್ಲಿ ಅಡಿಪಾಯ ತೋಡಿದರು. ನಿಲ್ಲಿಸಿದ್ದೇವೆ ಎಂದು ಯಾರೂ ಹೇಳಲಿಲ್ಲ. ಸುಮ್ಮನೆ ನಿಂತಿತು. ಅಂದಹಾಗೆ ನೀನು ಕೆಲಸ ಮಾಡುತ್ತೇನೆನ್ನುವ ಜುಮೇರಾ ಲೇಕ್ ಟವರ್ಸ್ ಎದ್ದು ನಿಂತದ್ದು ಆ ಮರಳಿನ ಮೇಲೆಯೇ.

ನಿನ್ನ ಸುಳ್ಳು ಕೇಳಿಯೂ ನಾನು ಬಾಯಿ ತೆರೆಯಲಿಲ್ಲ. ನಿನ್ನ ಉಮ್ಮ ಬಹಳ ದಿನಗಳ ಮೇಲೆ ನಕ್ಕಿದ್ದಳು.

ಆ ನಗು ಈಗ ನನ್ನ ಕುತ್ತಿಗೆಗೆ ಬಂದಿದೆ. ಅವಳ ಹೃದಯದ ವಾಲ್ವ್ ಕೆಟ್ಟಿದೆ, ಆಪರೇಷನ್ ಆಗಲೇಬೇಕೆಂದು ಇಲ್ಲಿಯ ಆಸ್ಪತ್ರೆಯವರು ಹೇಳಿದ್ದಾರೆ. ಕಂಪೆನಿಯ ಇನ್ಶೂರೆನ್ಸ್ ಉಂಟು, ಡಾಕ್ಟರು ತಯಾರಿದ್ದಾರೆ, ಇವಳು ಸಹಿ ಹಾಕುವುದಿಲ್ಲ. ಕೋಟ್ಟಯಂ ಕಡೆಯ ನರ್ಸ್ ಅನ್ನಾ ಗಂಟೆಗಟ್ಟಲೆ ಹೇಳಿ ನೋಡಿದಳು. ಇವಳದ್ದು ಒಂದೇ ಮಾತು: "ಡಿಸೆಂಬರಲ್ಲಿ ಮಗನ ಮ್ಯಾಚ್ ಉಂಟು. ಅದನ್ನು ನೋಡದೆ ನಾನು ಮಲಗ್ಲಿಕ್ಕಿಲ್ಲ."

ನಡೆಯದ ಮ್ಯಾಚಿಗೆ ಕಾಯುತ್ತ ಕೂತಿದ್ದಾಳೆ. ಸರ್ಕಾರ ಆಮ್ನೆಸ್ಟಿ ಕೊಟ್ಟಿದೆ. ವೀಸಾ ಇಲ್ಲದವರು ಈ ತಿಂಗಳ ಕೊನೆಯೊಳಗೆ ಹೋಗಿ ಹೇಳಿಕೊಂಡರೆ ದಂಡವಿಲ್ಲ, ಜೈಲಿಲ್ಲ, ಔಟ್‌ಪಾಸ್ ಕೊಟ್ಟು ಊರಿಗೆ ಕಳಿಸುತ್ತಾರೆ. ಹೋಗಿ ಔಟ್‌ಪಾಸ್ ತೆಗೆದುಕೋ. ಊರಿಗೆ ಹೋಗುವ ಮುಂಚೆ ಇಲ್ಲಿಗೆ ಬಂದು ಉಮ್ಮನಿಗೆ ನಿನ್ನ ಬಾಯಿಂದಲೇ ನಿಜ ಹೇಳು. ನಾನು ಹೇಳಿದರೆ ನನ್ನ ಮೇಲಿನ ಸಿಟ್ಟಿಗೇ ಹಟ ಹೆಚ್ಚಿಸಿಕೊಳ್ಳುತ್ತಾಳೆ, ಅವಳನ್ನು ನೀನು ಬಲ್ಲೆ.

ನಿನ್ನ ಬಾಪ,
ಉಮ್ಮರಬ್ಬ


ಬನಿಯಾಸ್
24 ಅಕ್ಟೋಬರ್ 2024

ಶಾನವಾಝ್,

ಕಾಗದ ಮುಟ್ಟಿದೆ, ನೀನು ಅಲ್ಲೇ ನಿಂತು ಓದಿದೆ ಎಂದು ರಶೀದ ಹೇಳಿದ. ಏನೆಂದ ಎಂದು ಕೇಳಿದೆ. "ಮಡಚಿ ಕಿಸೆಗೆ ಹಾಕಿದ" ಎಂದ.

ನಿನ್ನ ಉಮ್ಮ ನಿನ್ನೆ ಅಡುಗೆಮನೆಯಿಂದ ಮಂಚಕ್ಕೆ ಬರುವಾಗ ಗೋಡೆ ಹಿಡಿದು ನಿಂತಳು. ಉಸಿರು ಬರಲಿಲ್ಲ, ತುಟಿ ನೀಲಿಯಾಗಿತ್ತು. ಸ್ವಲ್ಪ ಸುಧಾರಿಸಿದ ಮೇಲೆ ಕೇಳಿದ ಮೊದಲ ಮಾತು, "ಅವನ ಜೆರ್ಸಿ ಎಂತ ಬಣ್ಣ ಅಂತ ರಶೀದನ ಹತ್ರ ಕೇಳಿದ್ರಾ?" ನಾನು ಹಸಿರು ಎಂದುಬಿಟ್ಟೆ. ನಿನ್ನ ಸುಳ್ಳಿಗೆ ಈಗ ನಾನು ಬಣ್ಣ ಹಚ್ಚುತ್ತಿದ್ದೇನೆ.

ನಿಜ ಹೇಳಿಬಿಡುತ್ತೇನೆಂದು ಎರಡು ಸಲ ಎದುರು ಕೂತೆ. ಅವಳ ಮುಖ ನೋಡಿ ಮೀನಿನ ರೇಟಿನ ಮಾತೆತ್ತಿ ಎದ್ದು ಬಂದೆ. ಡಾಕ್ಟರು ಮಾತು ಮುಚ್ಚಿಡುತ್ತಿಲ್ಲ. ತಡ ಮಾಡಿದರೆ ಆಪರೇಷನ್ ಮಾಡುವ ಹಾಗೂ ಇರುವುದಿಲ್ಲ ಎಂದಿದ್ದಾರೆ.

ನನಗೆ ಭಯವಾಗುತ್ತಿದೆ. ಇದನ್ನು ನಿನಗೆ ಯಾವತ್ತೂ ಹೇಳಿದವನಲ್ಲ, ಇವತ್ತು ಬರೆಯುತ್ತಿದ್ದೇನೆ. ಚೆಂಡು ಅನ್ನ ಹಾಕುವುದಿಲ್ಲ, ಬಂದು ನನ್ನ ಸ್ಟೋರಿನಲ್ಲಿ ಕೂರು ಎಂದು ನಾನು ಹೇಳಿದ್ದಕ್ಕೆ ಆಡಿ ತೋರಿಸುತ್ತೇನೆಂದು ಹೋದವನು ನೀನು. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ, ಅದು ಇಬ್ಬರಿಗೂ ಗೊತ್ತಾಗಿದೆ. ನನ್ನ ಮೇಲಿನ ಸಿಟ್ಟಿಗೆ ಅವಳನ್ನು ಕೊಲ್ಲಬೇಡ.

ಮೂವತ್ತೊಂದಕ್ಕೆ ಆಮ್ನೆಸ್ಟಿ ಮುಗಿಯುತ್ತದೆ.

ಬಾಪ


ದುಬೈ
30 ಅಕ್ಟೋಬರ್ 2024

ಬಾಪನಿಗೆ,

ಸಲಾಂ. ನಿಮ್ಮ ಎರಡೂ ಕಾಗದ ಕಿಸೆಯಲ್ಲೇ ಇವೆ. ಅಳು ಬಂದರೆ ಓದುತ್ತೇನೆ, ಓದಿದರೆ ಮತ್ತೆ ಅಳು ಬರುತ್ತದೆ.

ಆ ಕಪ್ ನಿಂತದ್ದು ನನಗೆ ಗೊತ್ತಿರಲಿಲ್ಲ. ಚಿಕ್ಕಂದಿನಿಂದ ಉಮ್ಮ ಊಟ ಹಾಕುವಾಗ ಹೇಳುತ್ತಿದ್ದದ್ದು ಅದೊಂದೇ ಕಥೆ, ಬಾಪ ಸೂಪರ್ ಕಪ್ ಆಡಿದ ಕಥೆ. ಲೋಕದಲ್ಲಿ ಎಲ್ಲ ನಿಂತರೂ ಅದು ನಡೆಯುತ್ತಲೇ ಇರುತ್ತದೆ ಎಂದುಕೊಂಡಿದ್ದೆ. ಅವತ್ತು ಫೋನಿನಲ್ಲಿ ಉಮ್ಮನ ದಮ್ಮು ಕೇಳಿ ಏನಾದರೂ ಒಳ್ಳೆಯದು ಹೇಳಬೇಕೆನಿಸಿತು, ಬಾಯಿಗೆ ಅದೇ ಬಂತು.

ನಿಜ ಬರೆಯುತ್ತೇನೆ. ಏಜೆಂಟ್ ಹೇಳಿದ ಕ್ಲಬ್ಬೇ ಇರಲಿಲ್ಲ. ಏರ್‌ಪೋರ್ಟಿನಿಂದ ನಮ್ಮನ್ನು ಕರೆದುಕೊಂಡು ಹೋದದ್ದು ಕಾರು ತೊಳೆಯುವ ಒಂದು ಕಂಪೆನಿಗೆ. ಬೂಟು ಬ್ಯಾಗಿನಲ್ಲೇ ಉಳಿಯಿತು, ಕೈಗೆ ಬಕೆಟ್ ಬಂತು. ಜಗಳ ಮಾಡಿ ಹೊರಗೆ ಬಂದೆ, ಅವರು ಓಡಿಹೋದವನೆಂದು ಕಂಪ್ಲೇಂಟ್ ಕೊಟ್ಟರು, ಖಲಾಸ್. ಜುಮೇರಾ ಲೇಕ್ ಟವರ್ಸ್ ಎಂದದ್ದು ಸುಳ್ಳಲ್ಲ. ಯಾವ ಮಹಡಿ ಎಂದು ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ನೆಲದಡಿಯ ಪಾರ್ಕಿಂಗಿನಲ್ಲಿ ಸಾಹೇಬರು ಇಳಿಯುವ ಮುಂಚೆ ಕಾರು ಒರೆಸುತ್ತೇನೆ. ನೀವು ಡೈವ್ ಹೊಡೆದ ಮರಳಿನ ಕೆಳಗೇ ಇದ್ದೇನೆ ಬಾಪ.

ಆಮ್ನೆಸ್ಟಿಗೆ ಹೋಗಲು ನನ್ನಿಂದ ಆಗುವುದಿಲ್ಲ. ಬಂದು ಉಮ್ಮನ ಎದುರು ಎಂತ ಹೇಳಲಿ? ಲೀಗ್ ಇಲ್ಲ, ಟೀಮ್ ಇಲ್ಲ, ಇದ್ದದ್ದು ಬಕೆಟ್ ಎಂದು ಹೇಳಲಾ? ಅದನ್ನು ಕೇಳಿ ಅವರಿಗೆ ಏನಾದರೂ ಆದರೆ ನಾನು ಬದುಕುವುದು ಹೇಗೆ?

ಮ್ಯಾಚ್ ರದ್ದಾಯಿತು ಎಂದು ನೀವೇ ಹೇಳಿಬಿಡಿ.

ನಿಮ್ಮ ಮಗ,
ಶಾನವಾಝ್


ಬನಿಯಾಸ್
3 ನವೆಂಬರ್ 2024

ಮೋನು,

ಕಾಗದ ಓದಿ ಸ್ಟೋರಿನಲ್ಲಿ ಪೈಪುಗಳ ಮರೆಯಲ್ಲಿ ಕೂತು ಅತ್ತೆ. ನಿನ್ನ ಕೈಯಲ್ಲಿ ಬಕೆಟ್ ಇದ್ದದ್ದಕ್ಕಲ್ಲ. ಗಂಟೆ ಹೊತ್ತಿನ ದಾರಿಯಲ್ಲೇ ಇದ್ದೂ ಅದನ್ನು ನನ್ನ ಹತ್ತಿರ ಹೇಳಲು ನಿನಗೆ ಆಗದ ಹಾಗೆ ಮಾತಾಡಿದ್ದೆನಲ್ಲ, ಅದಕ್ಕೆ.

ಆಮ್ನೆಸ್ಟಿಯನ್ನು ಡಿಸೆಂಬರ್ ಕೊನೆಯ ತನಕ ಮುಂದುವರಿಸಿದ್ದಾರೆ, ನೀನೂ ಕೇಳಿರಬೇಕು. ಆಟ ಮುಗಿಯಿತೆಂದು ಎಲ್ಲರೂ ಚಪ್ಪಲಿ ಹುಡುಕುವಾಗ ರೆಫರಿ ಇನ್ನೂ ಸಮಯ ಉಂಟು ಎಂದ ಹಾಗಾಯಿತು. ಇಂಥದ್ದು ಎರಡನೇ ಸಲ ಸಿಗುವುದಿಲ್ಲ.

ಮ್ಯಾಚ್ ರದ್ದಾಯಿತು ಎಂದು ಹೇಳಿಯೂ ನೋಡಿದೆ. ಉಮ್ಮ ನನ್ನ ಮುಖವನ್ನೇ ನೋಡಿ, "ರದ್ದಾದ್ರೆ ಆಡುವವನು ಬಂದು ಹೇಳ್ಲಿ. ನೀವ್ಯಾರು ಹೇಳ್ಲಿಕ್ಕೆ, ಸೆಕ್ರೆಟರಿಯಾ?" ಎಂದಳು. ದಮ್ಮು ಕಟ್ಟಿದರೂ ಬಾಯಿಗೆ ಬರವಿಲ್ಲ. ಮರುದಿನ ಬಚ್ಚಲಿನಲ್ಲಿ ಬಿದ್ದಳು. ಅವಳನ್ನು ಎತ್ತುವಾಗ ನನಗೆ ಭಾರವೇ ಆಗಲಿಲ್ಲ ಮೋನು, ಅಷ್ಟು ಇಳಿದುಹೋಗಿದ್ದಾಳೆ. ಆಸ್ಪತ್ರೆಯಲ್ಲಿಟ್ಟು ಮೈಯಲ್ಲಿ ತುಂಬಿದ ನೀರು ಇಳಿಸಿ ಮನೆಗೆ ಕಳಿಸಿದ್ದಾರೆ. ಸಹಿ ಮಾತ್ರ ಇಲ್ಲ.

ನೀನು ಬಂದು ಏನೂ ಹೇಳದಿದ್ದರೂ ಅಡ್ಡಿಯಿಲ್ಲ. ಬಾಗಿಲಲ್ಲಿ ನಿಲ್ಲು, ಸಾಕು.

ಬಾಪ


ದುಬೈ
27 ನವೆಂಬರ್ 2024

ಬಾಪನಿಗೆ,

ಹೋಗಿದ್ದೆ. ಅಲ್ ಅವೀರ್‌ನಲ್ಲಿ ಆಮ್ನೆಸ್ಟಿಗೆ ಟೆಂಟ್ ಹಾಕಿದ್ದಾರೆ, ರಶೀದನೇ ಇಳಿಸಿದ. ಸಾಲಿನಲ್ಲಿ ನಿಂತೆ. ಯಾರೂ ಗದರಿಸಲಿಲ್ಲ, ಕುಡಿಯಲು ನೀರೂ ಕೊಟ್ಟರು. ನನ್ನ ಮುಂದೆ ಇದ್ದ ಒಬ್ಬ ಔಟ್‌ಪಾಸ್ ಹಿಡಿದು ಹೊರಗೆ ಬಂದು ಎಲ್ಲರಿಗೂ ತೋರಿಸುತ್ತಿದ್ದ, ಮದುವೆ ನಿಶ್ಚಯವಾದವನ ಹಾಗೆ. ಅದನ್ನು ನೋಡಿದ್ದೇ ನನಗೆ ಹೊಳೆಯಿತು. ಅದು ಕೈಗೆ ಬಂದರೆ ನಾನು ಈ ದೇಶ ಬಿಡಲೇಬೇಕು. ಉಮ್ಮ ಇಲ್ಲಿ, ನಾನು ಉಳ್ಳಾಲದಲ್ಲಿ. ಅವರಿಗೆ ಹೆಚ್ಚುಕಮ್ಮಿಯಾದರೆ ಮುಖ ನೋಡಲೂ ಸಿಗುವುದಿಲ್ಲ. ಕಳ್ಳನಾಗಿದ್ದರೂ ಇಲ್ಲಿದ್ದರೆ ರಾತ್ರಿ ಬೆಳಗಾಗುವುದರೊಳಗೆ ಓಡಿ ಬರಬಹುದು. ಸಾಲು ಬಿಟ್ಟು ವಾಪಸ್ ಬಂದೆ.

ಬರದಿದ್ದರೆ ಅವರು ಸಹಿ ಹಾಕುವುದಿಲ್ಲ. ಬಂದರೆ ಬಿಟ್ಟು ಹೋಗಬೇಕು. ಅತ್ತ ದರಿ, ಇತ್ತ ಪುಲಿ. ನನಗೆ ಯೋಚಿಸಿ ಯೋಚಿಸಿ ಹುಚ್ಚು ಹಿಡಿಯುತ್ತಿದೆ.

ಬಾಪ, ನೀವು ಗೆದ್ದು ಆ ಕಪ್‌ಗೆ ಹೋದವರು. ಗೆದ್ದವರ ಮಗನಾಗಿ ಸೋತು ಬರುವುದು ಎಷ್ಟು ಕಷ್ಟ ಎಂದು ನಿಮಗೆ ತಿಳಿಯುವುದಿಲ್ಲ.

ಶಾನವಾಝ್


ಬನಿಯಾಸ್
1 ಡಿಸೆಂಬರ್ 2024

ಮೋನುಗೆ ಉಮ್ಮ ಬೀಬಿ ಬರೆಯುವುದು.

ನಿನ್ನ ಬಾಪ ಸ್ಟೋರಿನಲ್ಲಿದ್ದರು, ರಶೀದ ಕಾಗದವನ್ನು ನನ್ನ ಕೈಗೇ ಕೊಟ್ಟ. ಮಗನ ಕಾಗದ ಒಡೆಯಲು ನಾನು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ನಾನು ಕಲಿತದ್ದು ಕಡಿಮೆ, ಬರೆಯುತ್ತ ಬರೆಯುತ್ತ ಮೂರು ಸಲ ಮಲಗಿ ಎದ್ದಿದ್ದೇನೆ. ಆದರೂ ಇದನ್ನು ನಾನೇ ಬರೆಯಬೇಕು.

ಸೂಪರ್ ಕಪ್ ಇಲ್ಲವೆಂದು ನನಗೆ ಗೊತ್ತಿಲ್ಲವಾ? ಅದು ನಿಂತ ವರ್ಷ ನಿನ್ನ ಬಾಪ ರಜೆಯಲ್ಲಿ ಊರಿಗೆ ಬಂದವರು ಗೋಲಿಯ ಗ್ಲೌಸನ್ನು ನನ್ನ ಕೈಗೆ ಕೊಟ್ಟು, "ಇನ್ನು ಇದರ ಕೆಲಸ ಇಲ್ಲ, ಕಪ್ ನಿಂತಿತು" ಎಂದರು. ನಾನು ಅದರಲ್ಲೇ ಒಲೆಯಿಂದ ಬಿಸಿ ಪಾತ್ರೆ ಇಳಿಸುತ್ತಿದ್ದೆ. ನೀನು ಎಷ್ಟು ವರ್ಷ ನೋಡಿದ್ದಿ, ಆ ದಪ್ಪ ಗ್ಲೌಸ್. ಬೆಂಕಿ ತಾಗಿ ತೂತಾಗುವವರೆಗೂ ಬಿಡಲಿಲ್ಲ. ಹೇಳಿದವರು ಮರೆತಿದ್ದಾರೆ, ಪಾತ್ರೆ ಇಳಿಸಿದವಳು ಮರೆಯುತ್ತಾಳಾ?

ನೀನು ಫೋನಿನಲ್ಲಿ ಕಪ್ ಎಂದ ಕೂಡಲೇ ನೀನು ಆಡುತ್ತಿಲ್ಲ ಎಂದು ತಿಳಿಯಿತು. ಅವತ್ತು ನಕ್ಕದ್ದು ಅದಕ್ಕೆ. ಮಗ ಇಷ್ಟು ದೊಡ್ಡವನಾದರೂ ಸುಳ್ಳು ಹೇಳಲು ಬರುವುದಿಲ್ಲವಲ್ಲ ಎಂದು. ಆಮೇಲೆ ಅತ್ತೆ, ಅದನ್ನು ಬಾಪ ನೋಡಲಿಲ್ಲ.

ಹಾಗಾದರೆ ಸಹಿ ಯಾಕೆ ಹಾಕಲಿಲ್ಲ ಎಂದು ಕೇಳುತ್ತಿ. ಸುಮ್ಮನೆ ಕರೆದರೆ ನೀನು ಬರುತ್ತಿರಲಿಲ್ಲ. ನಿನ್ನ ಸುಳ್ಳಿನ ತುದಿಯನ್ನು ನಾನು ಗಟ್ಟಿ ಹಿಡಿದು ಕೂತರೆ, ಮ್ಯಾಚ್ ಇಲ್ಲ ಎಂದು ಹೇಳುವುದಕ್ಕಾದರೂ ಬರುತ್ತಿ ಎಂದು ಕಾದೆ. ನೀವಿಬ್ಬರು ಗಂಡಸರು ನನ್ನನ್ನು ಕಾಪಾಡಲೆಂದು ಸುಳ್ಳಿನ ಮೇಲೆ ಸುಳ್ಳು ಪೇರಿಸುತ್ತ ಕೂತಿರಿ.

ಇನ್ನೊಂದು ವಿಷಯ. ನಿನ್ನ ಬಾಪ ಗೆದ್ದು ಹೋದವರು ಎಂದು ಬರೆದಿದ್ದಿ. ಯಾರು ಹೇಳಿದರು? ಅವರು ಆಡಿದ ವರ್ಷ ಲೀಗೂ ಕಪ್ಪೂ ಎರಡನ್ನೂ ಶಾರ್ಜಾದ ಒಂದೇ ಟೀಮು ಗೆದ್ದಿತ್ತು. ಗೆದ್ದವರು ತಮ್ಮ ಜೊತೆ ತಾವೇ ಆಡಲಿಕ್ಕೆ ಆಗುತ್ತದಾ? ಅದಕ್ಕೆ ಒಂದು ನಿಯಮ ಇತ್ತು. ಹಾಗಾದಾಗ, ಕಪ್‌ನ ಕೊನೆಯ ಮ್ಯಾಚಿನಲ್ಲಿ ಸೋತವರನ್ನೇ ಸೂಪರ್ ಕಪ್‌ಗೆ ಕರೆಯಬೇಕು. ನಿನ್ನ ಬಾಪನ ಟೀಮು ಸೋತದ್ದಕ್ಕೇ ಅಲ್ಲಿಗೆ ಹೋದದ್ದು. ಹೋಗಿ ಮತ್ತೂ ಸೋತರು. ಆಮೇಲೆ ಎಲ್ಲರೂ ಕೂತು ಬಿರಿಯಾನಿ ತಿಂದೆವು ಎಂದು ಸಂತೋಷದಲ್ಲಿ ಹೇಳಿದ್ದರು. ನಾನು ನಿನಗೆ ಊಟ ಹಾಕುವಾಗ ಆಡಿದರು ಎಂದೇ ಹೇಳಿದ್ದು, ಗೆದ್ದರು ಎಂದು ಒಂದು ದಿನವೂ ಹೇಳಿಲ್ಲ. ನೀನೇ ಗೆಲ್ಲಿಸಿಕೊಂಡದ್ದು.

ಸೋತವರನ್ನೇ ಹುಡುಕಿ ಕರೆದ ಕಪ್ ಅದು. ಈಗ ನಾನು ಕರೆಯುತ್ತಿದ್ದೇನೆ.

ನನಗೆ ಹೆದರಿಕೆ ಆಗುತ್ತದೆ ಮೋನು. ಎದೆ ಕೊಯ್ಯುವುದಕ್ಕಲ್ಲ. ನಿನ್ನನ್ನು ನೋಡದೆ ಕಣ್ಣು ಮುಚ್ಚಿ, ಆಮೇಲೆ ಅದು ತೆರೆಯದಿದ್ದರೆ ಎಂದು. ನೀನು ಆಮೇಲೆ ಊರಿಗೆ ಹೋಗು, ತಡೆಯುವುದಿಲ್ಲ. ಒಮ್ಮೆ ಬಂದು ಹೋಗು.

ಉಮ್ಮ


ಬನಿಯಾಸ್
14 ಡಿಸೆಂಬರ್ 2024

ಶಾನವಾಝ್,

ನಿನ್ನ ಉಮ್ಮ ಕಾಗದ ಬರೆದದ್ದು, ಅದರಲ್ಲಿ ಬರೆದದ್ದು, ಎಲ್ಲ ನಿನ್ನೆ ಹೇಳಿದಳು. ನಾನು ಇಷ್ಟು ದಿನ ಹೊತ್ತ ಸುಳ್ಳು ಅವಳಿಗೆ ಮೊದಲೇ ಗೊತ್ತಿತ್ತಂತೆ. ಬೈಯಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಅವಳಿಗೆ ಕೆಮ್ಮು ಬಂತು, ಬೆನ್ನು ನೀವುತ್ತ ಕೂತೆ.

ಮಲಗಿದರೆ ಉಸಿರು ಸಿಗುವುದಿಲ್ಲವೆಂದು ಕುರ್ಚಿಯಲ್ಲೇ ಕೂತು ನಿದ್ದೆ ಮಾಡುತ್ತಾಳೆ. ಬಾಗಿಲಿಗೆ ಎದುರಾಗಿ ಹಾಕಿಸಿಕೊಂಡಿದ್ದಾಳೆ. ಲಿಫ್ಟ್ ಸದ್ದಾದಾಗಲೆಲ್ಲ ಕಣ್ಣು ತೆರೆಯುತ್ತಾಳೆ. ಪ್ರತಿ ಸಲವೂ ಬೇರೆ ಯಾರೋ ಇಳಿದು ಹೋಗುತ್ತಾರೆ. ಅದನ್ನು ನೋಡಿಕೊಂಡಿರಲು ನನ್ನಿಂದ ಆಗುವುದಿಲ್ಲ.

ಯಲ್ಲಾ, ಬೇಗ ಬಾ.

ಬಾಪ


ಅಬುಧಾಬಿ ವಿಮಾನ ನಿಲ್ದಾಣ
31 ಡಿಸೆಂಬರ್ 2024

ಉಮ್ಮನಿಗೆ,

ಇದನ್ನು ರಶೀದನ ಕೈಗೆ ಕೊಟ್ಟು ಒಳಗೆ ಹೋಗುತ್ತೇನೆ. ಅವನು ಇಲ್ಲಿಂದ ನೇರ ಆಸ್ಪತ್ರೆಗೆ ಬರುತ್ತಾನೆ. ಬಾಪ ಥಿಯೇಟರಿನ ಹೊರಗೆ ಕೂತಿದ್ದಾರೆ. ಇದನ್ನು ಓದದೆ, ನಿಮಗೆ ಎಚ್ಚರವಾದ ಮೇಲೆ ನಿಮ್ಮ ಕೈಗೇ ಕೊಡಲು ಅವರಿಗೆ ರಶೀದನಿಂದ ಹೇಳಿಸುತ್ತೇನೆ.

ನೀವು ಸಹಿ ಹಾಕಿದ ಮೇಲೆ ಆಸ್ಪತ್ರೆಯವರು ಕೊಟ್ಟ ದಿನ ಇವತ್ತು. ಔಟ್‌ಪಾಸಿನವನು ದೇಶ ಬಿಡಬೇಕಾದ ಕೊನೆಯ ದಿನವೂ ಇವತ್ತೇ. ಒಂದು ದಿನ ಆಚೀಚೆ ಆಗಿದ್ದರೆ ಎಂದು ಎಷ್ಟು ಜನರ ಹತ್ತಿರ ಕೇಳಿದೆ. ಎಲ್ಲರೂ ಮಾಫಿ, ಮಾಫಿ, ಇಲ್ಲವೇ ಇಲ್ಲ ಎಂದರು. ಅವರದ್ದೂ ತಪ್ಪಲ್ಲ. ನಾನು ಮೊದಲ ಕಾಗದಕ್ಕೇ ಬರಬೇಕಿತ್ತು.

ನಾನು ಔಟ್‌ಪಾಸ್ ತೆಗೆದುಕೊಂಡು ಬಂದ ದಿನ ಬಾಗಿಲಲ್ಲಿ ನಿಂತಾಗ ನೀವು "ಕೈ ಯಾಕೆ ಹೀಗೆ ಬಿರಿದಿದೆ, ಎಣ್ಣೆ ಹಚ್ಚು" ಎಂದಿರಿ. ಒಳಗೆ ಹೋಗಿ ಬಕೆಟಿನ ವಿಷಯ ಹೇಳಲು ಕೂತೆ, ನೀವು ನಿದ್ದೆ ಹೋಗಿದ್ದಿರಿ. ಬಹಳ ದಿನಗಳ ಮೇಲೆ ಅಷ್ಟು ಗಟ್ಟಿ ನಿದ್ದೆ ಎಂದು ಬಾಪ ಹೇಳಿದರು.

ಕಳೆದ ಶುಕ್ರವಾರ ಸಂಜೆ ಅಸರ್ ನಮಾಜ್ ಆದ ಮೇಲೆ ನಮ್ಮ ಕಟ್ಟಡದ ಹಿಂದಿನ ಮರಳಿನಲ್ಲಿ ಆಡಿದ ಆಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಗೋಲಿನ ಒಂದು ಕಂಬ ಬಾಪನ ಚಪ್ಪಲಿ, ಇನ್ನೊಂದು ಕಂಬ ನೀವು ಕೂತ ಕುರ್ಚಿ. ಬಾಪ ಅಡುಗೆಮನೆಯಿಂದ ಪಾತ್ರೆ ಇಳಿಸುವ ಬಟ್ಟೆಯ ಗ್ಲೌಸ್ ಹಾಕಿಕೊಂಡು ಬಂದರು. ನಾನು ನನ್ನ ಬೂಟು ಹಾಕಿದೆ. ಈ ದೇಶಕ್ಕೆ ಬಂದ ಮೇಲೆ ಅದು ಬ್ಯಾಗಿನಿಂದ ಹೊರಗೆ ಬಂದದ್ದು ಅದೇ ಮೊದಲು. ನೀವು ಕಂಬಳಿ ಹೊದ್ದು ಕೂತು, "ಮೆಲ್ಲ ಹೊಡಿ ಮಾರಾಯ, ತಾಗಿದ್ರೆ ಕಂಬ ಬೀಳ್ತದೆ" ಎಂದಿರಿ. ಬಾಪ ನಕ್ಕರು. ನಾನೂ ನಕ್ಕೆ. ಆದರೆ ಆಮೇಲೆ ನಿಮ್ಮ ಕಡೆಗೆ ಒಂದು ಚೆಂಡನ್ನೂ ಹೊಡೆಯಲು ನನಗೆ ಕಾಲೇಳಲಿಲ್ಲ.

ಬಾಪ ಎಲ್ಲವನ್ನೂ ಹಿಡಿದರು. ಮಗನಿಗೆ ಒಂದಾದರೂ ಬಿಡಿ ಎಂದು ನೀವು ಹೇಳಿದ ಮೇಲೆ ಒಂದು ಒಳಗೆ ಹೋಯಿತು. ಬಿಟ್ಟರೋ, ತಪ್ಪಿತೋ, ನಾನು ಕೇಳಲಿಲ್ಲ. "ಸೂಪರ್ ಕಪ್ ನೋಡಿ ಆಯ್ತು, ನಾಳೆ ಅನ್ನಾಳ ಹತ್ರ ಹೋಗುವ" ಎಂದು ನೀವು ಎದ್ದಿರಿ. ಎದ್ದದ್ದಲ್ಲ, ನಾವಿಬ್ಬರು ಎತ್ತಿದೆವು.

ಇವತ್ತು ಬೆಳಿಗ್ಗೆ ನಿಮ್ಮನ್ನು ಒಳಗೆ ಕೊಂಡುಹೋಗುವಾಗ ನನ್ನ ಕೈ ಹಿಡಿದುಕೊಂಡೇ ಇದ್ದಿರಿ. ಅನ್ನಾ ಬಿಡಿಸಿದಳು. ಆ ಬಿಸಿ ಇನ್ನೂ ಕೈಯಲ್ಲಿದೆ ಎಂದುಕೊಳ್ಳುತ್ತಿದ್ದೇನೆ.

ವಿಮಾನ ಇಳಿಯುವವರೆಗೆ ನನಗೆ ಏನೂ ತಿಳಿಯುವುದಿಲ್ಲ. ಮಂಗಳೂರಿನಲ್ಲಿ ಮಾಮನ ಮಗಳು ಅಸೀಲಾ ಕರೆದುಕೊಂಡು ಹೋಗಲು ಬರುತ್ತಾಳೆ, ಅವಳ ಫೋನ್ ನನ್ನ ಕೈಯಲ್ಲೇ ಇರುತ್ತದೆ. ಉಮ್ಮ, ಬಾಪನ ಹತ್ತಿರ ಫೋನ್ ಮಾಡಿಸಬೇಡಿ. ಅವರ ದನಿ ಬಂದರೆ ನಿಮಗೇನೋ ಆಯಿತೆಂದೇ ಅರ್ಥ, ನಾನು ಕೇಳಲಾರೆ, ಕಟ್ ಮಾಡುತ್ತೇನೆ. ಎಷ್ಟು ದಿನವಾದರೂ ಆಗಲಿ, ಕಾಯುತ್ತೇನೆ. ನೀವೇ ಮಾಡಿ.

ನಿಮ್ಮ ಮೋನು,
ಶಾನವಾಝ್